ಪಿಚರ್‌ಗೆ ಚೆಂಡು ವಾಪಸ್ ಕೊಡುವ ಕೆಲಸ

ಹಾರ್ಲನ್ ಫೆರಿ ಊರಿನ ಬೇಸ್‌ಬಾಲ್ ತಂಡದ ಹೆಸರು ಮ್ಯೂಲ್ಸ್, ಅಂದರೆ ಹೇಸರಗತ್ತೆಗಳು. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಗೊತ್ತಿಲ್ಲ. ಎಲ್ಲರ ಅಂಗಿಯ ಮೇಲೂ ಹಲ್ಲು ಕಿರಿದ ಕತ್ತೆಯ ಮುಖ. ಆ ಮುಖವನ್ನು ಎದೆಯ ಮೇಲೆ ಹೊತ್ತು, ಬೆಂಚಿನ ತುದಿಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಕೂರುತ್ತಿದ್ದವನು ವೆಸ್ ಕೆಲ್ಲಮ್, ತಂಡದ ಎರಡನೇ ಕ್ಯಾಚರ್. ಮೊದಲನೇ ಕ್ಯಾಚರ್‌ಗೆ ಪೆಟ್ಟಾದರೆ, ಸುಸ್ತಾದರೆ, ಹೊಟ್ಟೆ ಕೆಟ್ಟರೆ ಎದ್ದು ಹೋಗಿ ಆಡುವುದು ಅವನ ಕೆಲಸ. ಹದಿನೈದು ವರ್ಷದಿಂದ ಅದೇ ಕೆಲಸ, ಊರು ಮಾತ್ರ ಬೇರೆ ಬೇರೆ. ದೊಡ್ಡ ಲೀಗನ್ನು ಎರಡು ಸಲ ಹೋಗಿ ಮುಟ್ಟಿ ಬಂದಿದ್ದ. ಎರಡು ಸಲವೂ ಯಾರದೋ ಮಂಡಿ ವಾಸಿಯಾದ ಕೂಡಲೇ ಇವನನ್ನು ವಾಪಸ್ ಬಸ್ಸು ಹತ್ತಿಸಿದ್ದರು.

ಎರಡನೇ ಕ್ಯಾಚರ್ ಅಂದರೆ ಮೊದಲನೆಯವನಿಗೆ ಏನಾದರೂ ಆಗಲಿ ಎಂದು ಒಳಗೊಳಗೇ ಕಾಯುವವನು, ಎಲ್ಲರೂ ತಿಳಿದಿರುವುದು ಹಾಗೆಯೇ. ವೆಸ್‌ನದು ಪೂರ್ತಿ ಉಲ್ಟಾ. ಮೊದಲನೇ ಕ್ಯಾಚರ್ ಕೋಲ್ಬಿ ರೈಸ್, ಇಪ್ಪತ್ತೆರಡರ ಹುಡುಗ, ಒಂದು ಸೀನು ಸೀನಿದರೆ ಸಾಕು, ವೆಸ್‌ನ ಜೀವ ಬಾಯಿಗೆ ಬರುತ್ತಿತ್ತು. ನೀರು ಕುಡಿದೆಯಾ, ಮಂಡಿಗೆ ಮಂಜುಗಡ್ಡೆ ಇಟ್ಟೆಯಾ, ನಿನ್ನೆ ಆ ಹಳಸಿದ ಬುರ್ರಿಟೊ ತಿನ್ನಬೇಡ ಎಂದೆನಲ್ಲ, ತಿಂದೆಯಾ? ಕೋಲ್ಬಿಯ ಹೆತ್ತ ತಾಯಿಯೂ ಅಷ್ಟು ವಿಚಾರಿಸಿಕೊಂಡಿರಲಿಕ್ಕಿಲ್ಲ. ತಂಡದವರೆಲ್ಲ ‘ಅಜ್ಜನಿಗೆ ಮೊಮ್ಮಗನ ಮೇಲೆ ಎಂಥ ಪ್ರೀತಿ ನೋಡ್ರೋ’ ಎಂದು ನಗುತ್ತಿದ್ದರು. ಮೂವತ್ತಾರಕ್ಕೆ ಅಜ್ಜ ಅನ್ನಿಸಿಕೊಳ್ಳುವುದು ಈ ಆಟದಲ್ಲಿ ಮಾತ್ರ. ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಪ್ರೀತಿಗಿಂತ ಹೆಚ್ಚಿದ್ದದ್ದು ಹೆದರಿಕೆ.

ಹೆದರಿಕೆ ಏಕೆಂದರೆ, ಹೇಳಿದರೆ ನಗುತ್ತೀರಿ. ಪಿಚರ್ ಎಸೆದ ಚೆಂಡನ್ನು ಬ್ಯಾಟರ್ ಹೊಡೆಯದಿದ್ದರೆ ಅದು ಹಿಂದೆ ಕುಕ್ಕರಗಾಲಿನಲ್ಲಿ ಕೂತ ಕ್ಯಾಚರ್‌ನ ಕೈಗವಸಿಗೆ ಬರುತ್ತದೆ. ಕ್ಯಾಚರ್ ಅದನ್ನು ಪಿಚರ್‌ಗೆ ವಾಪಸ್ ಎಸೆಯಬೇಕು. ಮೆಲ್ಲಗೆ, ಏನೂ ಯೋಚಿಸದೆ, ಪಕ್ಕದವನಿಗೆ ಉಪ್ಪಿನ ಡಬ್ಬಿ ದಾಟಿಸಿದ ಹಾಗೆ. ಶಾಲೆಯ ಮಕ್ಕಳೂ ಎಸೆಯುತ್ತಾರೆ. ವೆಸ್‌ಗೆ ಅದೊಂದು ಬರುತ್ತಿರಲಿಲ್ಲ. ಓಟಗಾರರು ಒಂದೊಂದಾಗಿ ಮುಟ್ಟಬೇಕಾದ ಬೇಸ್‌ಗಳಲ್ಲಿ ಎರಡನೆಯದಕ್ಕೆ ಕದ್ದು ಓಡುವವನನ್ನು ಕೂತಲ್ಲಿಂದಲೇ ಬಾಣ ಬಿಟ್ಟ ಹಾಗೆ ಎಸೆದು ಔಟ್ ಮಾಡುತ್ತಿದ್ದ ಕೈ, ಪಿಚರ್‌ಗೆ ಮೆಲ್ಲಗೆ ಎಸೆಯಬೇಕೆಂದಾಗ ಕಿವಿಯ ಪಕ್ಕ ಬಂದು ನಿಂತುಬಿಡುತ್ತಿತ್ತು. ಬೆರಳುಗಳಿಗೆ ಚೆಂಡು ಬಿಡುವುದು ಹೇಗೆಂದೇ ಮರೆತುಹೋಗುತ್ತಿತ್ತು. ಕೈ ಕೆಳಗಿಳಿಸಿ, ಮತ್ತೆ ಎತ್ತಿ, ಕಣ್ಣು ಮುಚ್ಚಿ ತಳ್ಳಿದರೆ ಚೆಂಡು ಒಮ್ಮೆ ಪಿಚರ್‌ನ ಕಾಲ ಬುಡಕ್ಕೆ, ಇನ್ನೊಮ್ಮೆ ಅವನ ತಲೆಯ ಮೇಲೆ ಹಾದು ಹುಲ್ಲಿಗೆ. ಪಿಚರ್‌ಗಳಿಗೂ ಜೋರಾಗಿಯೇ ಎಸೆದು ನೋಡಿದ. ಅವರು ಅಂಗೈ ಉಜ್ಜಿಕೊಳ್ಳುತ್ತ ‘ಏನಪ್ಪಾ, ನನ್ನ ಮೇಲೆ ಏನು ಕೋಪ ನಿಂಗೆ?’ ಎಂದು ಕೇಳತೊಡಗಿದರು.

ಶುರುವಾದದ್ದು ನಾಲ್ಕು ವರ್ಷದ ಹಿಂದೆ, ಓಕ್ಲಹೋಮಾದಲ್ಲಿ, ಒಂದು ಕೆಲಸಕ್ಕೆ ಬಾರದ ಮಂಗಳವಾರ. ಬೆವರಿಗೋ ಏನೋ ಒಂದು ಚೆಂಡು ಜಾರಿ ಪಿಚರ್‌ನ ತಲೆಯ ಮೇಲಿಂದ ಹೋಯಿತು. ಎಲ್ಲರೂ ನಕ್ಕರು, ವೆಸ್ ಕೂಡ ನಕ್ಕ. ಅಲ್ಲಿಗೆ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅವನು ಮೋಟೆಲ್ಲಿನ ಹಾಸಿಗೆಯ ಮೇಲೆ ಕೂತು, ಅಲ್ಲಾ, ನಾನು ದಿನಾ ಚೆಂಡು ಬಿಡುವಾಗ ಯಾವ ಬೆರಳು ಎಲ್ಲಿರುತ್ತದೆ ಎಂದು ಯೋಚಿಸಿದ. ಯೋಚಿಸಬಾರದಿತ್ತು. ಅವತ್ತಿನಿಂದ ಕೈ ಅವನದಾಗಿ ಉಳಿಯಲಿಲ್ಲ.

ಆಗ ಕೋಣೆ ಹಂಚಿಕೊಂಡಿದ್ದವನು ಮಾರ್ಟಿ ಸ್ಲೋನ್, ಒಳ್ಳೆಯ ಗೆಳೆಯ, ವೆಸ್‌ನ ಮದುವೆಯಲ್ಲಿ ಪಕ್ಕ ನಿಂತವನು. ವೆಸ್ ಕಾಲುಚೀಲ ಸುತ್ತಿ ಉಂಡೆ ಮಾಡಿ ಬಚ್ಚಲ ತೊಟ್ಟಿಗೆ ಎಸೆದು ಎಸೆದು ನೋಡುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಮಾರ್ಟಿ ಮಾರನೇ ಬೆಳಿಗ್ಗೆ ಚೀಲ ಎತ್ತಿಕೊಂಡು ಬೇರೆ ಕೋಣೆಗೆ ಹೋಗಿಬಿಟ್ಟ. ಕೆಟ್ಟವನು ಅಂತಲ್ಲ. ಈ ಆಟದ ಜನರ ನಂಬಿಕೆಯೇ ಹಾಗೆ: ಆ ಕಾಯಿಲೆ ಅಂಟುತ್ತದೆ, ನೋಡಿದರೆ ಅಂಟುತ್ತದೆ, ಹೆಸರು ಹೇಳಿದರಂತೂ ಖಂಡಿತ ಅಂಟುತ್ತದೆ. ಅದಕ್ಕೆ ಯಾರೂ ಹೆಸರು ಹೇಳುವುದಿಲ್ಲ. ‘ಅದು’ ಎನ್ನುತ್ತಾರೆ, ಅಷ್ಟೇ. ‘ಅವನಿಗೆ ಅದು ಬಂದಿದೆಯಂತೆ’ ಎಂದು ಒಬ್ಬನ ಬಗ್ಗೆ ಸುದ್ದಿ ಹಬ್ಬಿದರೆ ಅವನ ಪಕ್ಕದ ಲಾಕರಿನವರು ಒಬ್ಬೊಬ್ಬರೇ ಜಾಗ ಬದಲಿಸುತ್ತಾರೆ, ಊಟಕ್ಕೆ ಕೂತರೆ ಆಚೀಚೆಯ ಕುರ್ಚಿ ಖಾಲಿ. ಆಮೇಲೆ ಒಂದು ದಿನ ಅವನೂ ಇರುವುದಿಲ್ಲ. ಎಲ್ಲಿಗೆ ಹೋದನೆಂದು ಕೇಳುವವರೂ ಇಲ್ಲ.

ಹಾಗಾಗಿ ವೆಸ್ ಮುಚ್ಚಿಡುವುದನ್ನು ಕಲಿತ. ಪ್ರತಿ ಎಸೆತದ ಮೇಲೂ ಎದ್ದು ನಾಲ್ಕು ಹೆಜ್ಜೆ ಮುಂದೆ ನಡೆದು, ಏನೋ ಧೈರ್ಯ ಹೇಳುವವನ ಹಾಗೆ ತಲೆಯಾಡಿಸಿ, ಹತ್ತಿರದಿಂದ ಚೆಂಡು ಕೊಟ್ಟು ಬರುತ್ತಿದ್ದ. ಬ್ಯಾಟಿಗೆ ತಾಗಿದ ಚೆಂಡು ಮೈಗೆ ಸ್ವಲ್ಪ ಸವರಿದರೂ ಸತ್ತೆನೋ ಕೆಟ್ಟೆನೋ ಎಂದು ಬಗ್ಗಿ ನಿಲ್ಲುತ್ತಿದ್ದ. ಕ್ಯಾಚರ್‌ಗೆ ನೋವಾದರೆ ಅವನು ಸುಧಾರಿಸಿಕೊಳ್ಳಲೆಂದು ಅಂಪೈರ್ ಹೊಸ ಚೆಂಡನ್ನು ತಾನೇ ಪಿಚರ್‌ಗೆ ಕೊಡುವುದು ಹಳೆಯ ಮರ್ಯಾದೆ. ಆ ಮರ್ಯಾದೆಯ ನೆರಳಲ್ಲಿ ಎಷ್ಟೋ ಆಟ ದಾಟಿದ. ತಮಾಷೆಯೆಂದರೆ, ಹೀಗೆ ನಡೆದು ನಡೆದು ಅವನಿಗೆ ದೊಡ್ಡ ಹೆಸರೇ ಬಂತು. ಪಿಚರ್‌ಗಳ ಮನಸ್ಸು ಬಲ್ಲವನು, ಎಳೆಯರನ್ನು ಸಂಭಾಳಿಸುವವನು, ತಾಳ್ಮೆಯ ಗಣಿ ಎಂದೆಲ್ಲ. ಅವನ ಎದೆ ಒಳಗೆ ಡವಡವ ಹೊಡೆದುಕೊಳ್ಳುವುದು ಯಾರಿಗೆ ಕೇಳಬೇಕು!

ಆಮೇಲೆ ಆ ಹಾಳು ಗಡಿಯಾರ ಬಂತು. ಪಿಚರ್ ಇಂತಿಷ್ಟು ಸೆಕೆಂಡಿನಲ್ಲಿ ಚೆಂಡು ಎಸೆಯಲೇಬೇಕು. ಕ್ಯಾಚರ್ ಪಿಚರ್‌ನ ದಿಬ್ಬದವರೆಗೆ ಹೋಗಿ ಮಾತಾಡುವುದಕ್ಕೂ ಲೆಕ್ಕ. ನಡೆದಾಡಿದರೆ ಅಂಪೈರ್‌ಗಳು ‘ಬೇಗ, ಬೇಗ’ ಎಂದು ಬೆನ್ನು ಹತ್ತಿದರು. ವೆಸ್‌ಗೆ ಉಳಿದ ದಾರಿ ಒಂದೇ: ಆಡದಿರುವುದು.

ಮ್ಯಾನೇಜರ್ ಒರ್ವಿಲ್ ಡಗನ್, ತಂಡದ ಎಲ್ಲರ ಬಾಯಲ್ಲೂ ಸ್ಕಿಪ್, ಆ ಬೇಸಿಗೆಯಲ್ಲಿ ಒಂದು ಮಾತು ಹೇಳಿದ್ದ. “ಈ ವರ್ಷ ಮುಗೀತಿದ್ದ ಹಾಗೆ ಆಟ ನಿಲ್ಸಿಬಿಡು ಕಣೋ. ಮುಂದಿನ ವರ್ಷದಿಂದ ನಮ್ಮ ಹುಡುಗ್ರಿಗೆ ಕ್ಯಾಚಿಂಗ್ ಹೇಳ್ಕೊಡು. ಮೇಲಿನೋರ ಹತ್ರ ಮಾತಾಡಿದೀನಿ.” ವೆಸ್ ಮನೆಗೆ ಫೋನು ಮಾಡಿ ಹೇಳಿದಾಗ ಹೆಂಡತಿ ಲೊರೇನ್ ಅತ್ತೇಬಿಟ್ಟಳು. ಹದಿನೈದು ವರ್ಷದ ಮೇಲೆ ಒಂದು ಊರು, ಒಂದು ಮನೆ, ಮಗಳಿಗೆ ಒಂದೇ ಶಾಲೆ! ಆಟ ಬಿಟ್ಟರೆ ವೆಸ್‌ಗೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ಸೀಸನ್ನು ಮುಗಿಯುವವರೆಗೆ ಕೋಲ್ಬಿ ನೆಟ್ಟಗಿದ್ದರೆ ಸಾಕು, ಬದುಕು ದಡ ಸೇರಿತು. ಪಿಚರ್‌ಗೆ ಚೆಂಡು ವಾಪಸ್ ಕೊಡಲಾರದವನನ್ನು ಹುಡುಗರಿಗೆ ಹೇಳಿಕೊಡಲು ಯಾವ ತಂಡ ಇಟ್ಟುಕೊಳ್ಳುತ್ತದೆ?

ಆಗಸ್ಟ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಕೋಲ್ಬಿಯ ಹೆಬ್ಬೆರಳಿಗೆ ಚೆಂಡು ಬಡಿಯಿತು.

ಮುರಿದಿರಲಿಲ್ಲ. ಆದರೆ ಊದಿಕೊಂಡಿತು. ಕೋಲ್ಬಿ ಕೈ ಕೊಡವುತ್ತ ಬೆಂಚಿಗೆ ಬಂದು, “ಒಂದ್ ದಿನ ಅಷ್ಟೇ ಅಜ್ಜ, ನಾಳೆ ಸರಿಹೋಗತ್ತೆ. ಇವತ್ತು ನೀನು ಮಜಾ ಮಾಡು” ಎಂದ. ಮಜಾ! ವೆಸ್ ಕವಚಗಳನ್ನು ಎತ್ತಿಕೊಂಡ. ಕಾಲಿನ ಕವಚ ಕಟ್ಟುವಾಗ ಕೊಕ್ಕೆ ಸಿಗದೆ ಬೆರಳು ನಡುಗಿತು.

“ಏನೋ, ಚಳಿನಾ?” ಎಂದ ಡಗನ್.

“ವಯಸ್ಸಾಯ್ತು ಸ್ಕಿಪ್.”

“ಸರಿ ಸರಿ, ಹೋಗು. ಒಂದು ರನ್ ಮುಂದಿದೀವಿ. ಹಾಗೇ ಗೆಲ್ಸ್ಕೊಂಡು ಬಾ.”

ಮೊದಮೊದಲು ದೇವರು ಕೈ ಹಿಡಿದ. ಬೇಸ್‌ಗಳ ಮೇಲೆ ಎದುರಾಳಿಗಳು ಯಾರೂ ಇಲ್ಲದಾಗ ಚೆಂಡು ಎತ್ತ ಹೋದರೂ ನಷ್ಟವಿಲ್ಲ. ಬ್ಯಾಟರ್‌ಗಳು ಸಿಕ್ಕಿದ್ದಕ್ಕೆಲ್ಲ ಬ್ಯಾಟು ಬೀಸಿ ಬೇಗ ಬೇಗ ಔಟಾದರು. ವೆಸ್ ಚೆಂಡನ್ನು ಕೈಗವಸಿಗೆ ಎರಡು ಸಲ ಬಡಿದು, ಕಿವಿಯ ಹತ್ತಿರ ಎತ್ತಿ, ಇಳಿಸಿ, ಮತ್ತೆ ಎತ್ತಿ ತಳ್ಳುತ್ತಿದ್ದ. ಪಿಚರ್ ಎಸ್ತೆಬಾನ್ ಪೊಲಾಂಕೊ ಒಳ್ಳೆಯ ಮನುಷ್ಯ, ಒಮ್ಮೆ ಬಗ್ಗಿ, ಒಮ್ಮೆ ನೆಗೆದು ಹೇಗೋ ಹಿಡಿದುಕೊಂಡ. ಕೆಟ್ಟ ಸುದ್ದಿ ಇದ್ದದ್ದು ಮೂರನೇ ಬೇಸಿನ ಪಕ್ಕ. ಅಲ್ಲಿ ಎದುರಾಳಿ ತಂಡದ ಕೋಚ್ ಸೊಂಟದ ಮೇಲೆ ಕೈಯಿಟ್ಟು ನಿಂತು ವೆಸ್‌ನ ಕೈಯನ್ನೇ ನೋಡುತ್ತಿದ್ದ. ಮಾರ್ಟಿ ಸ್ಲೋನ್. ಆಟ ಬಿಟ್ಟು ಕೋಚ್ ಆಗಿದ್ದಾನೆಂದು ವೆಸ್‌ಗೆ ಗೊತ್ತಿತ್ತು. ಬೆಳಿಗ್ಗೆ ಇಬ್ಬರೂ ದೂರದಿಂದ ಟೋಪಿ ಮುಟ್ಟಿಕೊಂಡು ಸುಮ್ಮನಾಗಿದ್ದರು.

ಇವನು ಹೇಳುತ್ತಾನಾ? ವೆಸ್ ಮುಖವಾಡದ ಒಳಗಿನಿಂದ ಅವನ ಬಾಯನ್ನೇ ಕಾಯುತ್ತ ಕೂತ.

ಒಂಬತ್ತನೇ ಇನ್ನಿಂಗ್ಸ್, ಕೊನೆಯದು. ಎರಡು ಔಟ್, ಇನ್ನೊಂದಾದರೆ ಮುಗಿಯಿತು. ಆದರೆ ಎದುರಾಳಿಯ ಒಬ್ಬ ಚುರುಕು ಓಟಗಾರ ಮೂರನೇ ಬೇಸು ಮುಟ್ಟಿದ್ದ. ಅವನು ಹೋಮ್ ಪ್ಲೇಟಿಗೆ, ಅಂದರೆ ವೆಸ್ ಕೂತಲ್ಲಿಗೆ, ಓಡಿ ಬಂದರೆ ಆಟ ಸಮ. ವೆಸ್‌ನ ಕೈಯಿಂದ ಒಂದೇ ಒಂದು ಚೆಂಡು ಅಡ್ಡಾದಿಡ್ಡಿ ಹೋದರೆ ಅವನು ಆರಾಮಾಗಿ ಓಡಿ ಬರುತ್ತಾನೆ, ಮತ್ತು ಇಡೀ ಕ್ರೀಡಾಂಗಣಕ್ಕೆ ಗುಟ್ಟು ಗೊತ್ತಾಗುತ್ತದೆ.

ಮಾರ್ಟಿ ಓಟಗಾರನ ಕಿವಿಯ ಹತ್ತಿರ ಬಗ್ಗಿದ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಏನೋ ಹೇಳಿದ. ಓಟಗಾರ ತಟ್ಟನೆ ತಿರುಗಿ ವೆಸ್‌ನ ಬಲಗೈ ನೋಡಿದ.

ಹೇಳಿಬಿಟ್ಟ! ವೆಸ್ ಆಟ ನಿಲ್ಲಿಸಲು ಟೈಮ್ ಕೇಳಿ ದಿಬ್ಬಕ್ಕೆ ಓಡಿದ.

“ಏನಣ್ಣ, ಏನಾದ್ರೂ ಬದಲಾಯಿಸ್ಬೇಕಾ?” ಎಂದ ಎಸ್ತೆಬಾನ್.

“ಏನೂ ಇಲ್ಲ. ನಾನು ಚೆಂಡು ವಾಪಸ್ ಕೊಡೋವಾಗ ಸ್ವಲ್ಪ ಹುಷಾರಾಗಿರು.”

“ಮಧ್ಯಾಹ್ನದಿಂದ ಕೋತಿ ಥರ ನೆಗೀತಾನೇ ಇದೀನಲ್ಲಪ್ಪಾ. ಬೆರಳಿಗೇನಾದ್ರೂ ಆಗಿದ್ಯಾ?”

“ಬೆವರು ಕಣೋ.”

“ಒರೆಸ್ಕೊ ಮತ್ತೆ!” ಎಂದು ಎಸ್ತೆಬಾನ್ ನಕ್ಕ. ಹಿಂದಿನಿಂದ ಅಂಪೈರ್ ಕೂಗಿದ. ವೆಸ್‌ನ ಲೆಕ್ಕದಲ್ಲಿದ್ದ ಕೊನೆಯ ಭೇಟಿ ಅದು. ಇನ್ನು ನಡೆದು ಹೋಗುವ ಹಾಗಿಲ್ಲ.

ಮೊದಲ ಚೆಂಡಿಗೆ ಬ್ಯಾಟರ್ ಬೀಸಿ ತಪ್ಪಿದ. ಸ್ಟ್ರೈಕ್, ಇಂಥ ಮೂರಾದರೆ ಅವನು ಔಟ್. ಜನ ಹೋ ಎಂದರು. ಚೆಂಡು ವೆಸ್‌ನ ಕೈಯಲ್ಲಿ. ಎಸೆ, ಎಸೆ, ಯೋಚಿಸಬೇಡ. ಯೋಚಿಸಬೇಡ ಅನ್ನುವುದೂ ಒಂದು ಯೋಚನೆಯೇ ತಾನೇ, ಹಾಳಾದ್ದು! ಕೈ ಎತ್ತಿದ, ನಿಂತಿತು. ಇಳಿಸಿ ಮತ್ತೆ ಎತ್ತಿ ತಳ್ಳಿದ. ಚೆಂಡು ಎಸ್ತೆಬಾನ್‌ನ ತಲೆಯ ಮೇಲೆ ಹೋಗುವುದಕ್ಕಿತ್ತು, ಅವನು ಮೈ ಚಾಚಿ ಹಾರಿ ಬೆರಳ ತುದಿಯಲ್ಲಿ ಹಿಡಿದ. ಗ್ಯಾಲರಿಯಲ್ಲಿ ‘ಅಯ್ಯಯ್ಯೋ’ ಎಂಬ ದನಿ ಎದ್ದಿತು. ಮೂರನೇ ಬೇಸಿನವನು ನಾಲ್ಕು ಹೆಜ್ಜೆ ಓಡಿ ಬಂದು ಹಿಂದಕ್ಕೆ ಹೋದ. ಮಾರ್ಟಿ ಅವನ ಬೆನ್ನು ತಟ್ಟಿದ.

ಎರಡನೇ ಚೆಂಡು. ಬ್ಯಾಟರ್ ಮುಟ್ಟಲಿಲ್ಲ. ವೆಸ್ ಚೆಂಡನ್ನು ಬಿಗಿಯಾಗಿ ಹಿಡಿದು ಎದ್ದು ನಿಂತ. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ದೊಡ್ಡ ಗಡಿಯಾರದ ಅಂಕಿಗಳು ಇಳಿಯುತ್ತಿದ್ದವು. ಅಂಪೈರ್ “ಚೆಂಡು ಕೊಡಪ್ಪಾ, ಮನೆಗೆ ಹೋಗೋಣ” ಎಂದ. ಓಟಗಾರ ಈ ಸಲ ಬೇಸಿನಿಂದ ಬಹಳ ದೂರ ಬಂದು ಬಗ್ಗಿ ನಿಂತಿದ್ದ. ವೆಸ್ ಕೈ ಎತ್ತಿದ. ಕಿವಿಯ ಪಕ್ಕ ಬಂದ ಕೈ ಮುಂದೆ ಬೀಸಿತು. ಬೆರಳು ಬಿಡಲಿಲ್ಲ. ಇಡೀ ತೋಳು ಎಸೆದ ಹಾಗೆ ಮುಂದೆ ಹೋಗಿ ಬಂತು, ಚೆಂಡು ಮಾತ್ರ ಅಂಗೈಯಲ್ಲೇ ಅಂಟಿಕೊಂಡಿತು. ಇಷ್ಟು ಕೆಟ್ಟದಾಗಿ ಅದು ಹಿಂದೆಂದೂ ಬಂದಿರಲಿಲ್ಲ. ಮುಗಿಯಿತು ನನ್ನ ಕತೆ ಎಂದುಕೊಂಡ.

ಅಷ್ಟರಲ್ಲಿ ಓಟಗಾರ ಓಡಿ ಬರುತ್ತಿದ್ದ.

ಚೆಂಡು ಹೋಯಿತೆಂದೇ ಅವನು ತಿಳಿದಿದ್ದ. ತಲೆ ತಗ್ಗಿಸಿ, ತೋಳು ಬೀಸಿ, ಸೀದಾ ವೆಸ್‌ನ ಕಡೆಗೇ ಬಂದ. ಅರ್ಧ ದಾರಿಯಲ್ಲಿ ತಲೆಯೆತ್ತಿ ನೋಡಿದರೆ ಚೆಂಡು ಇನ್ನೂ ಕ್ಯಾಚರ್‌ನ ಕೈಯಲ್ಲಿದೆ! ನಿಲ್ಲಲು ಹೋಗಿ ಜಾರಿ ಮಂಡಿಯೂರಿ ಬಿದ್ದ. ವೆಸ್ ಓಡಿ ಹೋಗಿ ಚೆಂಡಿದ್ದ ಕೈಯಿಂದ ಅವನ ಭುಜ ಮುಟ್ಟಿದ. ಔಟ್. ಆಟ ಮುಗಿಯಿತು, ಕತ್ತೆಗಳು ಗೆದ್ದವು.

ಎಸ್ತೆಬಾನ್ ಓಡಿ ಬಂದು ಅವನನ್ನು ಎತ್ತಿಕೊಂಡುಬಿಟ್ಟ. “ಬೆವರಂತೆ ಬೆವರು! ಮಧ್ಯಾಹ್ನದಿಂದ ನಾಟಕ ಆಡ್ತಿದ್ದೆ ಅಲ್ವಾ, ಕಳ್ಳ ಮುದುಕಪ್ಪ! ಅವನನ್ನ ಬಲೆಗೆ ಕೆಡವೋಕೆ ನನ್ನನ್ನ ಕೋತಿ ಮಾಡಿದೆ!”

ಎಲ್ಲರೂ ವೆಸ್‌ನ ತಲೆಗೆ ಹೊಡೆಯುತ್ತ ನಗುತ್ತಿದ್ದರು. ಗ್ಯಾಲರಿ ಎದ್ದು ನಿಂತಿತ್ತು. ಇಷ್ಟು ಜನ ತನಗಾಗಿ ಎದ್ದು ನಿಂತದ್ದನ್ನು ಅವನು ಹದಿನೈದು ವರ್ಷದಲ್ಲಿ ಕಂಡಿರಲಿಲ್ಲ.

ಒಳಗೆ ಹೋಗುವ ದಾರಿಯಲ್ಲಿ ಮಾರ್ಟಿ ಕಾದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

“ನಿಜ ಹೇಳು ಮಾರಾಯ” ಎಂದ. “ಬೇಕಂತ್ಲೇ ಮಾಡಿದ್ಯಾ?”

“ಬೇಕಂತ್ಲೇ” ಎಂದ ವೆಸ್.

“ಹಾಗಾದ್ರೆ ಅದು...”

“ಅದು ಹೋಗಿ ವರ್ಷ ಆಯ್ತು. ನೀನು ಅವನ ಕಿವಿಗೆ ಹೇಳ್ತೀಯ ಅಂತ ಗೊತ್ತಿತ್ತು. ಅದಕ್ಕೇ ಬಲೆ ಹಾಕಿದೆ.”

ಮಾರ್ಟಿ ಉಸಿರು ಬಿಟ್ಟ. ಆಮೇಲೆ ಕೈ ಮುಂದೆ ಮಾಡಿದ. ನಾಲ್ಕು ವರ್ಷದಿಂದ ವೆಸ್‌ನ ಹತ್ತಿರ ಬರದವನು ಅವನ ಕೈಯನ್ನು ಎರಡು ಕೈಯಲ್ಲಿ ಹಿಡಿದು ಕುಲುಕಿ, “ಕ್ಷಮಿಸಿಬಿಡೋ, ನಂಗೆ ಹೆದರಿಕೆ ಆಗಿತ್ತು” ಎಂದ. ವೆಸ್‌ಗೆ ಅಳು ಬಂತು. ಸುಳ್ಳು ಹೇಳಿದ್ದಕ್ಕಲ್ಲ, ಆ ಕೈ ಬೆಚ್ಚಗಿದ್ದುದಕ್ಕೆ.

ಡಗನ್ ಅವನನ್ನು ಕೋಣೆಗೆ ಕರೆದು ಬಿಯರ್ ಕೊಟ್ಟ. “ನಲವತ್ತು ವರ್ಷ ಆಯ್ತು ನಾನು ಈ ಆಟದಲ್ಲಿ. ಇಂಥ ಮೋಸ ನೋಡಿರ್ಲಿಲ್ಲ. ನಾಳೆ ಬೆಳಿಗ್ಗೇನೇ ಕೋಲ್ಬಿಗೆ ಹೇಳ್ಕೊಡು. ಮುಂದಿನ ವರ್ಷ ಯಾಕೆ, ನಾಳೆಯಿಂದ್ಲೇ ನೀನು ಮೇಷ್ಟ್ರು ಅಂದ್ಕೊ.”

“ಅದೇನು ಹೇಳ್ಕೊಡೋಂಥದ್ದಲ್ಲ ಸ್ಕಿಪ್...”

“ಬಿಡೋ, ನಾಚ್ಕೋಬೇಡ.”

ವೆಸ್ ಲೊರೇನ್‌ಗೆ ಫೋನು ಮಾಡಿದ. ಅವಳು ಬಾಡಿಗೆಗೆ ನೋಡಿಟ್ಟ ಮನೆಯ ಹಿತ್ತಲಿನಲ್ಲಿ ಸೇಬಿನ ಮರ ಇದೆಯೆಂದಳು. ಅವನು ಹ್ಞೂಂ ಹ್ಞೂಂ ಎನ್ನುತ್ತ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಮಾರನೇ ಬೆಳಿಗ್ಗೆ ಹುಲ್ಲು ಇನ್ನೂ ಒದ್ದೆಯಾಗಿತ್ತು. ಕೋಲ್ಬಿ ಆಗಲೇ ಕವಚ ತೊಟ್ಟು ಹೋಮ್ ಪ್ಲೇಟಿನ ಹಿಂದೆ ನಿಂತಿದ್ದ, ಹೆಬ್ಬೆರಳ ಊತ ಇಳಿದಿತ್ತು. ದಿಬ್ಬದ ಮೇಲೆ ಎಸ್ತೆಬಾನ್. ಡಗನ್ ಬೆಂಚಿನ ಮುಂದಿನ ಕಟಕಟೆಗೆ ಒರಗಿಕೊಂಡು ಕಾಫಿ ಹೀರುತ್ತಿದ್ದ, ಅವನ ಪಕ್ಕ ಅರ್ಧ ತಂಡವೇ ಮೋಜು ನೋಡಲು ಬಂದು ನಿಂತಿತ್ತು.

“ತೋರ್ಸು ಅಜ್ಜ” ಎಂದ ಕೋಲ್ಬಿ. “ರಾತ್ರಿಯೆಲ್ಲ ಕನ್ನಡಿ ಮುಂದೆ ಮಾಡಿ ನೋಡಿದೆ, ಸರಿ ಬರ್ತಿಲ್ಲ. ನೀನು ಮಾಡಿದ್ರೆ ನಿಜವಾಗ್ಲೂ ಎಸೆದ ಹಾಗೇ ಇರತ್ತೆ.”

“ಬೇಡ ಬಿಡೋ. ಒಂದ್ಸಲದ ಆಟ ಅದು. ಈಗ ಎಲ್ರಿಗೂ ಗೊತ್ತಾಗೋಯ್ತಲ್ಲ, ಯಾರು ಮೋಸ ಹೋಗ್ತಾರೆ?”

“ಗುಟ್ಟು ಬಿಟ್ಕೊಡೋಕೆ ಹೊಟ್ಟೆಕಿಚ್ಚು ಮುದುಕನಿಗೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಕೋಲ್ಬಿ ತಾನೇ ಶುರು ಮಾಡಿದ. ಕೈ ಎತ್ತಿದ, ಬೀಸಿದ, ಚೆಂಡು ಬಿಡಲಿಲ್ಲ. ಮತ್ತೊಮ್ಮೆ. ಮತ್ತೊಮ್ಮೆ. ಚೆನ್ನಾಗಿಯೇ ಮಾಡಿದ, ಕಲಿಯುವುದರಲ್ಲಿ ಜಾಣ. ಆಮೇಲೆ ತಿರುಗಿ ಕೇಳಿದ:

“ಅಜ್ಜ, ಬಿಡಬೇಕಾದಾಗ ಬೆರಳು ಎಲ್ಲಿರ್ಬೇಕು? ಬಿಡಬಾರ್ದು ಅಂದಾಗ ಎಲ್ಲಿರ್ಬೇಕು? ನಾನು ದಿನಾ ಹೇಗೆ ಬಿಡ್ತೀನಿ ಅನ್ನೋದೇ ಈಗ ನೆನಪಾಗ್ತಿಲ್ಲ ನೋಡು.”

“ಯೋಚನೆ ಮಾಡ್ಬೇಡ” ಎಂದ ವೆಸ್. ದನಿ ಅಗತ್ಯಕ್ಕಿಂತ ಜೋರಾಯಿತು. “ಸುಮ್ನೆ ಎಸೆ. ಮಾಮೂಲಿ ಎಸೆ.”

ಕೋಲ್ಬಿ ಮಾಮೂಲಿ ಎಸೆದ. ಚೆಂಡು ಎಸ್ತೆಬಾನ್‌ನ ಕಾಲ ಮುಂದೆ ಮಣ್ಣಿಗೆ ಬಿತ್ತು. ಎಲ್ಲರೂ ನಕ್ಕರು, ಕೋಲ್ಬಿಯೂ ನಕ್ಕ. ಮತ್ತೆ ಎಸೆದ. ಅದು ತಲೆಯ ಮೇಲೆ ಹಾದು ಎರಡನೇ ಬೇಸಿನಾಚೆ ಹುಲ್ಲಿನಲ್ಲಿ ಉರುಳಿತು. ಈ ಸಲ ನಗು ಕಡಿಮೆಯಾಯಿತು. ಒಬ್ಬ ಹುಡುಗ ಕಟಕಟೆಯ ಬಳಿಯಿಂದ ಸದ್ದಿಲ್ಲದೆ ಒಳಗೆ ಹೋದ.

“ಬಿಸಿ ಆಗಿಲ್ಲ ಕೈ, ಅಷ್ಟೇ. ಇನ್ನೊಂದ್ಸಲ ಮಗಾ” ಎಂದ ಡಗನ್.

ಕೋಲ್ಬಿ ಕೈ ಎತ್ತಿದ. ಕಿವಿಯ ಪಕ್ಕ ಕೈ ನಿಂತಿತು. ನಾಟಕಕ್ಕಲ್ಲ. ಅವನು ತನ್ನ ಕೈಯನ್ನು ಓರೆಗಣ್ಣಿನಲ್ಲಿ ನೋಡಿದ, ಅದು ಬೇರೆ ಯಾರದೋ ಕೈ ಎಂಬಂತೆ. ಆ ನೋಟ ವೆಸ್‌ಗೆ ಗೊತ್ತಿತ್ತು. ಓಕ್ಲಹೋಮಾದ ಬಚ್ಚಲ ಕನ್ನಡಿಯಲ್ಲಿ ಅದನ್ನು ಕಂಡಿದ್ದ.

ಇಪ್ಪತ್ತೆರಡು ವರ್ಷ. ದೊಡ್ಡ ಲೀಗಿಗೆ ಕರೆ ಇವತ್ತೋ ನಾಳೆಯೋ ಬರುವ ಹುಡುಗ. ಇವನಿಗೆ ನಾನು ಇದನ್ನು ಹಚ್ಚಿಬಿಟ್ಟೆನಲ್ಲ ಎಂದುಕೊಂಡ ವೆಸ್. ಸುಮ್ಮನಿದ್ದರೆ ಮನೆ ಇದೆ, ಕೆಲಸ ಇದೆ. ಹುಡುಗ ತನ್ನಷ್ಟಕ್ಕೆ ಸರಿಹೋದರೂ ಹೋಗಬಹುದು. ತನಗೆ ಮಾತ್ರ ಸರಿಹೋಗಿರಲಿಲ್ಲ.

“ಕೋಲ್ಬಿ, ಕೈ ಇಳಿಸು” ಎಂದ ವೆಸ್. “ಅದು ಮೋಸದ ಆಟ ಅಲ್ಲ. ನಿನ್ನೆ ನಾನು ಯಾರನ್ನೂ ಬಲೆಗೆ ಕೆಡವಲಿಲ್ಲ. ಚೆಂಡು ಕೈಯಿಂದ ಬರ್ಲೇ ಇಲ್ಲ. ನಂಗೆ ಯಿಪ್ಸ್ ಇದೆ.”

ಯಾರೂ ಬಾಯಿಬಿಟ್ಟು ಹೇಳದ ಆ ಹೆಸರು ಆ ಮೈದಾನದಲ್ಲಿ ಬಹುಶಃ ಮೊದಲ ಸಲ ಬಿತ್ತು. ಒಬ್ಬ ನೆಲಕ್ಕೆ ಉಗಿದ. ಇನ್ನೊಬ್ಬ ಕತ್ತಿನ ಶಿಲುಬೆ ಮುಟ್ಟಿಕೊಂಡ. ಡಗನ್‌ನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು.

“ಏನಂದೆ?” ಎಂದ ಕೋಲ್ಬಿ.

“ಯಿಪ್ಸ್ ಕಣೋ. ನಾಲ್ಕು ವರ್ಷದಿಂದ. ಪಿಚರ್‌ಗೆ ಚೆಂಡು ವಾಪಸ್ ಕೊಡೋಕೆ ನಂಗೆ ಬರಲ್ಲ. ನೀನು ರಾತ್ರಿಯೆಲ್ಲ ಕಲ್ತಿದ್ದು ಆಟ ಅಲ್ಲ, ನನ್ನ ಕಾಯಿಲೆ. ಅದು ನಿಂದಲ್ಲ, ನಂದು. ನಿಂಗೇನೂ ಆಗಿಲ್ಲ, ನನ್ನ ನೋಡಿ ಮಾಡ್ದೆ ಅಷ್ಟೇ. ಬಿಟ್ಟಾಕು ಅದನ್ನ!”

ಕೋಲ್ಬಿ ಎರಡು ಹೆಜ್ಜೆ ಹಿಂದೆ ಸರಿದ. ಮುಖದಲ್ಲಿ ಹೆದರಿಕೆ ಇತ್ತು, ಅದರ ಹಿಂದೆಯೇ ಸಿಟ್ಟು ಬಂತು. “ಗೊತ್ತಿದ್ದೂ ನಂಗೆ ಮಾಡೋಕೆ ಬಿಟ್ಯಾ? ಥೂ ನಿನ್ನ! ಹತ್ರ ಬರ್ಬೇಡ ನೀನು!” ಎಂದು ಕೂಗಿ ಕೈಯಲ್ಲಿದ್ದ ಚೆಂಡನ್ನು ಅದು ಸುಟ್ಟಿತೇನೋ ಎಂಬಂತೆ ದಿಬ್ಬದ ಕಡೆ ಬೀಸಿ ಒಗೆದ.

ಚೆಂಡು ಸೀದಾ ಎಸ್ತೆಬಾನ್‌ನ ಎದೆಯ ಮುಂದೆ ಹಿಡಿದ ಕೈಗವಸಿಗೆ ಹೋಗಿ ಫಟ್ ಎಂದಿತು.

ಎಸ್ತೆಬಾನ್ ಚೆಂಡನ್ನು ಕೋಲ್ಬಿಗೆ ಎಸೆದ. ಕೋಲ್ಬಿ ಇನ್ನೂ ಬೈಯುತ್ತಲೇ ಹಿಡಿದು, ಬೈಯುತ್ತಲೇ ವಾಪಸ್ ಎಸೆದ. ಅದೂ ನೇರ ಹೋಯಿತು.

ಕಟಕಟೆಯ ಹತ್ತಿರದವರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಿದ್ದರು. ವೆಸ್‌ನ ಪಕ್ಕದಲ್ಲಿ ಹಾದು ಹೋಗಬೇಕಾದವರು ಸುತ್ತು ಬಳಸಿ ಹೋದರು. ಡಗನ್ ಅವನ ಮುಖ ನೋಡದೆ ಕಾಫಿಯನ್ನು ಹುಲ್ಲಿಗೆ ಚೆಲ್ಲಿದ.

“ವೆಸ್, ಕೋಣೆಗೆ ಬಾ. ಬಾಗಿಲು ಹಾಕ್ಕೊಂಡು ಮಾತಾಡ್ಬೇಕು.”

“ಬರ್ತೀನಿ ಸ್ಕಿಪ್” ಎಂದ ವೆಸ್. ಅವನ ಕಣ್ಣು ಕೋಲ್ಬಿಯ ಬಲಗೈ ಬಿಟ್ಟು ಕದಲಲಿಲ್ಲ. “ಇನ್ನೊಂದು ಎಸೆತ ನೋಡ್ಕೊಂಡು ಬಂದ್ಬಿಡ್ತೀನಿ.”